ಹಂಜಿಯಿಂದ ಕುಲಾವಿಯವರೆಗೆ

ಮನೆಯಲ್ಲಿ ನೂಲಲು ಹೊರಟವರಿಗೆ ಮೊದಲು ಬೇಕಾದದ್ದು ಒಳ್ಳೆಯ ಅರಳೆ. ಯಾವ ಚರಕ, ಎಷ್ಟು ಬೆಲೆಯದ್ದು ಎಂಬುದೆಲ್ಲ ಆಮೇಲಿನ ಮಾತು. ಅರಳೆ ಕೆಟ್ಟದ್ದಾದರೆ ಪಳಗಿದ ಕೈಯಲ್ಲೂ ನೂಲು ಪದೇ ಪದೇ ಹರಿಯುತ್ತದೆ. ಅರಳೆ ಚೆನ್ನಾಗಿದ್ದರೆ ಬಿದಿರು ಕಡ್ಡಿಗೆ ಮಣ್ಣಿನ ಬಿಲ್ಲೆ ಸಿಕ್ಕಿಸಿ ಮಾಡಿದ ತಕಲಿಯಲ್ಲೂ ನೂಲು ಬರುತ್ತದೆ. ಔಷಧದಂಗಡಿಯ ಹತ್ತಿ ಸುರುಳಿ ಈ ಕೆಲಸಕ್ಕೆ ಬಾರದು. ಅದನ್ನು ಕುದಿಸಿ, ಬಿಳುಪು ಮಾಡಿ, ಎಳೆಯ ಮೇಲಿನ ಸಹಜ ಮೇಣವನ್ನೆಲ್ಲ ತೆಗೆದಿರುತ್ತಾರೆ. ಎಳೆಗಳು ಒಂದರ ಮೇಲೊಂದು ನಯವಾಗಿ ಜಾರಬೇಕಾದರೆ ಆ ಮೇಣ ಇರಲೇಬೇಕು. ಗಿರಣಿಗೆ ಹೋಗುವ ಬೇಲ್‌ಗಳ ಹತ್ತಿಯೂ ಅಷ್ಟೇ, ಒತ್ತಡಕ್ಕೆ ಸಿಕ್ಕಿ ಅಂಟುಕಟ್ಟಿರುತ್ತದೆ. ಹೊಲದಿಂದ ಬಿಡಿಸಿ ತಂದ, ಇನ್ನೂ ಒತ್ತಿ ಕಟ್ಟದ ಹತ್ತಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಕರ್ನಾಟಕದ ಹೊಲಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಅಮೆರಿಕನ್ ಜಾತಿಯ ಬಿಟಿ ಹೈಬ್ರಿಡ್ ಹತ್ತಿ. ಅದಕ್ಕೂ ಹಿಂದಿನಿಂದ ಧಾರವಾಡ, ಗದಗ ಸೀಮೆಯ ಎರೆಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆದು ಬಂದದ್ದು ಜಯಧರ್ ಎಂಬ ನಾಡಹತ್ತಿ. ಇದರ ಎಳೆ ಗಿಡ್ಡ, ಎರಡು ಸೆಂಟಿಮೀಟರ್ ಆಸುಪಾಸು. ಹೈಬ್ರಿಡ್ ಹತ್ತಿಯ ಎಳೆ ಮೂರು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಗಿಡ್ಡ ಎಳೆಗೆ ಹುರಿ ಹೆಚ್ಚು ಬೇಕು, ಕೈಗೂ ಪಳಗಿಕೆ ಬೇಕು. ಹೊಸಬರು ಉದ್ದ ಎಳೆಯ ಹತ್ತಿಯಲ್ಲಿ ಕಲಿತು ಆಮೇಲೆ ನಾಡಹತ್ತಿಗೆ ಬರುವುದು ವಾಸಿ. ನಾಡಹತ್ತಿಯ ನೂಲಿನ ಒರಟು ಹಿತವನ್ನು ಒಮ್ಮೆ ಕಂಡವರು ಅದನ್ನು ಸುಲಭಕ್ಕೆ ಬಿಡುವುದಿಲ್ಲ.

ಲೆಕ್ಕ ಹಿಡಿಯಲು ಒಂದು ಸಣ್ಣ ವಸ್ತುವನ್ನು ಎದುರಿಗಿಟ್ಟುಕೊಳ್ಳೋಣ: ಆರು ತಿಂಗಳ ಮಗುವಿಗೊಂದು ಕುಲಾವಿ. ಮಾದರಿ ತುಣುಕುಗಳಿಗೆ, ಹಾಳಾಗುವುದಕ್ಕೆ ಎಲ್ಲ ಸೇರಿ ಇದಕ್ಕೆ 50 ಗ್ರಾಂ ನೂಲು ಸಾಕು. ಬೀಜ ಸಮೇತದ ಹತ್ತಿಯಲ್ಲಿ ಮೂರನೇ ಒಂದು ಪಾಲು ಮಾತ್ರ ಅರಳೆ, ಮಿಕ್ಕಿದ್ದೆಲ್ಲ ಬೀಜ. ಹಾಗಾಗಿ 150ರಿಂದ 175 ಗ್ರಾಂ ಹತ್ತಿ ಬೇಕು. ಇಷ್ಟನ್ನು ಬಿಡಿಸಲು ಯಂತ್ರ ಬೇಡ. ಹತ್ತಿಯನ್ನು ಬಿಸಿಲಿಗೆ ಒಣಗಿಸಿ, ಮಣೆಯ ಮೇಲಿಟ್ಟು, ಕಬ್ಬಿಣದ ಸಲಾಕೆಯನ್ನು ಒತ್ತಿ ಉರುಳಿಸಿದರೆ ಬೀಜ ಮುಂದಕ್ಕೆ ಜಿಗಿಯುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಬಿಡಿಸಿದ ಅರಳೆಯನ್ನು ಬಿಲ್ಲಿನಿಂದಲೋ ಹಲ್ಲು ಹಲಗೆಯಿಂದಲೋ ಹಿಂಜಿ, ತೆಳ್ಳಗೆ ಹರಡಿ, ಒಂದು ಕಡ್ಡಿಗೆ ಸಡಿಲವಾಗಿ ಸುತ್ತಿ, ಕಡ್ಡಿ ಜಾರಿಸಿ ತೆಗೆದರೆ ಹಂಜಿ ಸಿದ್ಧ. ಈ ಹಂತದಲ್ಲಿ ಅವಸರ ಮಾಡಿದವರು ಮುಂದೆ ನೂಲುವಾಗ ಪ್ರತಿ ಗಂಟಿನಲ್ಲೂ ಅದರ ಬೆಲೆ ತೆರುತ್ತಾರೆ. ಹಿಂಜಿದ ಅರಳೆಯನ್ನು ಬೆಳಕಿಗೆ ಹಿಡಿದಾಗ ಒಂದೂ ಕಪ್ಪು ಚುಕ್ಕೆ ಇಲ್ಲದೆ ಒಂದೇ ಸಮನೆ ಮಬ್ಬಾಗಿ ಕಾಣಬೇಕು.

ಇದಾವುದೂ ಕನ್ನಡದ ಮನೆಗಳಿಗೆ ತೀರ ಹೊಸತಲ್ಲ. ಹೂಬತ್ತಿ, ಗೆಜ್ಜೆವಸ್ತ್ರ ಮಾಡುವ ಕೈಗಳು ಇಂದಿಗೂ ಅರಳೆಯನ್ನು ಹಿಗ್ಗಿಸಿ ಎಳೆಯುತ್ತವೆ, ಚಿಟಿಕೆಯಲ್ಲಿ ಹೊಸೆಯುತ್ತವೆ. ಜನಿವಾರದ ನೂಲನ್ನು ತಕಲಿಯಲ್ಲಿ ಮನೆಯಲ್ಲೇ ತೆಗೆಯುವ ವಾಡಿಕೆ ಅನೇಕ ಕುಟುಂಬಗಳಲ್ಲಿತ್ತು. ಮೂರು ಎಳೆ ಕೂಡಿಸಿ ಹೊಸೆದು, ಅದನ್ನೇ ಮತ್ತೆ ಮೂರು ಮಾಡುವ ಆ ಕ್ರಮದಲ್ಲಿ ಗಟ್ಟಿ ನೂಲಿನ ಇಡೀ ತತ್ವ ಅಡಗಿದೆ. ಕಲಿಯುವವರು ಇಂಥ ಕೈಗಳನ್ನು ಹುಡುಕಿಕೊಂಡು ಹೋಗುವುದು ಮೇಲು. ಎಳೆಯನ್ನು ಎಷ್ಟು ಸಡಿಲವಾಗಿ ಹಿಡಿಯಬೇಕು ಎಂಬುದನ್ನು ಬರಹದಲ್ಲಿ ಹೇಳಿ ಮುಗಿಸಲಾಗದು.

ನೂಲುವ ಸಾಧನಗಳಲ್ಲಿ ಅಗ್ಗವಾದದ್ದು ತಕಲಿ. ಕೂತಲ್ಲಿ, ನಿಂತಲ್ಲಿ, ಬಸ್ಸಿಗೆ ಕಾಯುವಾಗಲೂ ತಿರುಗಿಸಬಹುದು. ಹತ್ತಿಯ ಎಳೆ ಗಿಡ್ಡವಾದ್ದರಿಂದ ತೂಗುಬಿಡುವ ಭಾರದ ತಕಲಿ ಅದಕ್ಕೆ ಒಗ್ಗದು. ಮೊನೆಯನ್ನು ಬಟ್ಟಲಲ್ಲಿ ಊರಿ ತಿರುಗಿಸುವ ಹಗುರ ತಕಲಿ ಬೇಕು. ವೇಗ ಬೇಕೆನ್ನುವವರಿಗೆ ಪೆಟ್ಟಿಗೆ ಚರಕ. ಯೆರವಡಾ ಚರಕ ಎಂದೂ ಹೆಸರಾದ ಇದು 1930ರ ಸುಮಾರಿಗೆ, ಗಾಂಧೀಜಿ ಯೆರವಡಾ ಜೈಲಿನಲ್ಲಿದ್ದ ಕಾಲದಲ್ಲಿ ರೂಪು ತಳೆಯಿತು. ಒಂದು ದೊಡ್ಡ ಚಕ್ರ ಇನ್ನೊಂದು ಸಣ್ಣ ಚಕ್ರವನ್ನು ತಿರುಗಿಸಿ, ಅದು ಕದಿರನ್ನು ತಿರುಗಿಸುವುದರಿಂದ ಕೈಯ ಒಂದು ಸುತ್ತಿಗೆ ಕದಿರು ಹತ್ತಾರು ಸುತ್ತು ಹಾಕುತ್ತದೆ. ಮಡಚಿದರೆ ಕಂಕುಳಲ್ಲಿ ಹಿಡಿದು ನಡೆಯುವಷ್ಟು ಪುಟ್ಟದು.

ಕದಿರಿನ ಮೊನೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಿಡಿದು ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಎಳೆ ಕದಿರಿನ ಮೊನೆಯಿಂದ ಸುತ್ತಿಗೊಮ್ಮೆ ಜಾರಿ ಬೀಳುತ್ತದೆ, ಜಾರಿದಾಗೆಲ್ಲ ನೂಲಿಗೆ ಒಂದು ಹುರಿ ಸೇರುತ್ತದೆ. ಹುರಿ ಮೊದಲು ಓಡುವುದು ಎಳೆ ತೆಳ್ಳಗಿರುವ ಕಡೆಗೆ. ದಪ್ಪ ಇರುವಲ್ಲಿ ಅದು ತಡವಾಗಿ ತಲುಪುತ್ತದೆ, ಅಲ್ಲಿನ ಎಳೆಗಳು ಇನ್ನೂ ಸಡಿಲವಾಗಿಯೇ ಇರುತ್ತವೆ. ಈ ಸಣ್ಣ ಅವಕಾಶದಲ್ಲೇ ನೂಲುವವರ ಕೌಶಲವೆಲ್ಲ ಇದೆ. ಚಕ್ರ ನಿಲ್ಲಿಸಿ, ಎಡಗೈಯನ್ನು ಇನ್ನೊಂದು ಗೇಣು ಹಿಂದಕ್ಕೆ ಎಳೆದರೆ ದಪ್ಪ ಭಾಗ ತಾನಾಗಿ ಹಿಗ್ಗಿ ತೆಳುವಾಗುತ್ತದೆ, ಆಗಲೇ ಹುರಿ ಕಟ್ಟಿದ ತೆಳು ಭಾಗ ಹಾಗೇ ಉಳಿಯುತ್ತದೆ. ಆಮೇಲೆ ಇನ್ನೊಂದಿಷ್ಟು ಹುರಿ ಕೊಟ್ಟು, ನೂಲನ್ನು ಕದಿರಿಗೆ ಸುತ್ತಿಕೊಳ್ಳಬೇಕು. ಮೊದಲ ವಾರ ಇದು ಕೈಗೆ ದಕ್ಕುವುದಿಲ್ಲ. ಹಂಜಿಯನ್ನು ಬಿಗಿಯಾಗಿ ಹಿಡಿಯುವುದು, ಹರಿದೀತೆಂಬ ಹೆದರಿಕೆಯಲ್ಲಿ ಎಳೆಯುವುದನ್ನು ಬೇಗ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಹರಿದರೆ ಹರಿಯಲಿ, ತುದಿಯನ್ನು ಹಂಜಿಗೆ ತಾಗಿಸಿ ಚಕ್ರ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ.

ದಿನಕ್ಕೆ ಎಷ್ಟು ನೂಲಬೇಕು ಎಂಬ ಪ್ರಶ್ನೆಗೆ ಬೆಳಗಾವಿಯ ಇತಿಹಾಸದಲ್ಲಿ ಒಂದು ಉತ್ತರವಿದೆ. 1924ರ ಡಿಸೆಂಬರಿನಲ್ಲಿ ಅಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ, ಪಕ್ಷದ ಸದಸ್ಯತ್ವಕ್ಕೆ ನೂಲನ್ನೇ ಚಂದಾ ಮಾಡಿತು: ತಿಂಗಳಿಗೆ 2,000 ಗಜ ಕೈನೂಲು. ಮರುವರ್ಷವೇ ಈ ನಿಯಮ ಸಡಿಲಗೊಂಡು, 1925ರಲ್ಲಿ ನೂಲುವ ಕೆಲಸ ಅಖಿಲ ಭಾರತ ಚರಕ ಸಂಘಕ್ಕೆ ವರ್ಗವಾಯಿತು. ರಾಜಕೀಯ ಏನೇ ಇರಲಿ, ಆ ಅಳತೆ ಮಾತ್ರ ಬಹಳ ವಿವೇಕದ್ದು. ದಿನಕ್ಕೆ ಹಂಚಿದರೆ ಸುಮಾರು 60 ಮೀಟರ್, ರೂಢಿಯಾದ ಕೈಗೆ ಅರ್ಧ ಗಂಟೆಗಿಂತ ಕಡಿಮೆ ಕೆಲಸ. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂರುವವರಿಗಿಂತ ದಿನಾ ಕಾಲು ಗಂಟೆ ಕೂರುವವರ ನೂಲು ಬೇಗ ಸಮವಾಗುತ್ತದೆ. ಕೈ ಮರೆಯುವುದಕ್ಕೆ ಮೊದಲೇ ಅದೇ ಚಲನೆ ಮತ್ತೆ ಬರುವುದರಿಂದ ಹಾಗಾಗುತ್ತದೆ. ಕುಲಾವಿಗೆ ಬೇಕಾದ ಒಂಟಿ ಎಳೆಯ ನೂಲು ಸುಮಾರು 500 ಮೀಟರ್. ಕಲಿಯುವ ಕೈ ಗಂಟೆಗೆ ನೂರು ಮೀಟರ್ ತೆಗೆದರೂ ದಿನಾ ಕಾಲು ಗಂಟೆಯಂತೆ ಮೂರು ವಾರದೊಳಗೆ ಮುಗಿಯುತ್ತದೆ.

ನೂಲಿನ ಸಣ್ಣತನವನ್ನು ನಂಬರಿನಲ್ಲಿ ಹೇಳುವುದು ರೂಢಿ. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರುತ್ತವೋ ಅದೇ ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ಮನೆಯಲ್ಲಿ ಇದನ್ನು ತಿಳಿಯಲು ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಹತ್ತು ಮೀಟರ್ ನೂಲು ಒಂದು ಗ್ರಾಂ ತೂಗಿದರೆ ಅದು 6ನೇ ನಂಬರು, ಅರ್ಧ ಗ್ರಾಂ ತೂಗಿದರೆ 12ನೇ ನಂಬರು. ಹೆಣಿಗೆಗೆ 6 ಹಿತವಾದ ಅಳತೆ. ಈ ದಪ್ಪದ ಹತ್ತಿ ನೂಲಿಗೆ ಇಂಚಿಗೆ ಹತ್ತರಷ್ಟು ಹುರಿ ಬೇಕು. ನಂಬರು ನಾಲ್ಕು ಪಟ್ಟಾದರೆ, ಅಂದರೆ 24ಕ್ಕೆ ಏರಿದರೆ, ಹುರಿ ಎರಡು ಪಟ್ಟಾಗಬೇಕು. ಕೈನೂಲು ಎಂದರೆ ಅಳತೆಯಿಲ್ಲದ ಒರಟು ನೂಲು ಎಂಬ ಭಾವನೆ ತಪ್ಪು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆಂದು ಸಿದ್ಧವಾಗುವ ಖಾದಿಯಲ್ಲಿ ನೂಲಿನ ದಪ್ಪ, ಬಲ, ಬಣ್ಣದ ಗಟ್ಟಿತನ ಎಲ್ಲವೂ ಭಾರತೀಯ ಮಾನಕ ಬ್ಯೂರೊ ಗೊತ್ತುಮಾಡಿದ ಪರೀಕ್ಷೆಗಳಲ್ಲಿ ಪಾಸಾಗಬೇಕು.

ಪ್ರಗತಿಯನ್ನು ಅಳೆಯುವ ಉಪಾಯ ಬಹಳ ಸರಳ. ವಾರಕ್ಕೊಮ್ಮೆ ಒಂದು ಮೀಟರ್ ನೂಲನ್ನು ದಪ್ಪ ರಟ್ಟಿಗೆ ಸುತ್ತಿ, ದಿನಾಂಕ, ಹತ್ತಿಯ ಜಾತಿ, ನಂಬರು ಬರೆದಿಡಬೇಕು. ನೆನಪು ಯಾವಾಗಲೂ ಕಲಿಯುವವರಿಗೆ ಅನ್ಯಾಯ ಮಾಡುತ್ತದೆ, ತಾನು ಮುಂದೆ ಹೋಗಿಯೇ ಇಲ್ಲ ಎನ್ನಿಸುತ್ತದೆ. ಎರಡು ತಿಂಗಳ ರಟ್ಟುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಆದ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಈ ರಟ್ಟುಗಳಿಗೆ ಮುಂದೆ ಬಣ್ಣ ಹಾಕುವಾಗಲೂ ಹೆಣೆಯುವಾಗಲೂ ಕೆಲಸವಿದೆ. ನೂಲುವುದು, ಬಣ್ಣ ಹಾಕುವುದು, ಹೆಣೆಯುವುದು ಎಂಬ ಮೂರು ಕಸುಬುಗಳಲ್ಲಿ ಮೊದಲನೆಯದರಲ್ಲಿ ಮಾಡಿದ ಆಯ್ಕೆ ಮೂರನೆಯದರಲ್ಲಿ ಬಂದು ಎದುರಾಗುತ್ತದೆ, ಆಗ ಎಲ್ಲಿ ಏನಾಯಿತು ಎಂದು ಹೇಳಬಲ್ಲದ್ದು ಈ ದಾಖಲೆ ಮಾತ್ರ.

ಹಾಗೆ ಎದುರಾಗುವ ಮೊದಲ ಸಂಗತಿ ಹುರಿ. ಒಂಟಿ ಎಳೆಯ ನೂಲು ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಸದಾ ಹವಣಿಸುತ್ತಿರುತ್ತದೆ. ಮಗ್ಗದಲ್ಲಿ ಹಾಸು ಹೊಕ್ಕು ಎರಡೂ ಬಿಗಿದಿರುವುದರಿಂದ ಅದು ಅಷ್ಟು ಬಾಧಿಸುವುದಿಲ್ಲ. ಹೆಣಿಗೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಸಡಿಲವಾಗಿ ನಿಲ್ಲುತ್ತದೆ. ಹುರಿಗೆ ಬಿಡುವು ಸಿಕ್ಕಿ ಪ್ರತಿ ಕುಣಿಕೆಯೂ ಒಂದೇ ಕಡೆಗೆ ವಾಲುತ್ತದೆ. ಚೌಕವಾಗಿ ಹೆಣೆದ ತುಂಡು ಒಗೆದು ಒಣಗಿಸಿದ ಮೇಲೆ ಓರೆಯಾಗುವುದು ಇದರಿಂದಲೇ. ಎಳೆಗಳನ್ನು ಕೂಡಿಸಿ ಹೊಸೆಯುವುದೇ ಇದಕ್ಕೆ ಮದ್ದು. ಬಲಕ್ಕೆ ತಿರುಗಿಸಿ ನೂತ ಮೂರು ಎಳೆಗಳನ್ನು ಒಟ್ಟಿಗೆ ಹಿಡಿದು ಎಡಕ್ಕೆ ತಿರುಗಿಸಿ ಹೊಸೆದಾಗ ಒಂದರ ಹುರಿಗೆ ಇನ್ನೊಂದು ಎದುರು ನಿಂತು ನೂಲು ಶಾಂತವಾಗುತ್ತದೆ. ಒಂದು ಮಾರು ನೂಲನ್ನು ಕೊಂಡಿಯಾಗಿ ಇಳಿಬಿಟ್ಟಾಗ ಸುತ್ತಿಕೊಳ್ಳದೆ ನೇರವಾಗಿ ತೂಗಿದರೆ ಹದ ಸರಿಯಾಗಿದೆ ಎಂದರ್ಥ. ಮೂರೆಳೆಯ ನೂಲಿಗೆ ಇನ್ನೊಂದು ಗುಣವಿದೆ: ಒಂದು ಎಳೆಯ ತೆಳು ಜಾಗಕ್ಕೆ ಇನ್ನೊಂದರ ದಪ್ಪ ಜಾಗ ಬಂದು ಕೂಡಿ, ಹೊಸಬರ ಏರುಪೇರು ಎಷ್ಟೋ ಮುಚ್ಚಿಹೋಗುತ್ತದೆ. ಕಲಿಕೆಯ ದಿನಗಳ ನೂಲನ್ನು ಎಸೆಯದೆ ಹೊಸೆದು ಬಳಸಬೇಕೆನ್ನುವುದು ಈ ಕಾರಣಕ್ಕೆ.

ಬಣ್ಣ ಹಾಕುವುದು ನೂಲು ಲಡಿಯ ರೂಪದಲ್ಲಿದ್ದಾಗಲೇ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಬೇಕು; ಬಿಗಿದು ಕಟ್ಟಿದರೆ ಅಲ್ಲಲ್ಲಿ ಬಿಳಿ ಕಲೆ ಉಳಿಯುತ್ತದೆ. ನೂಲುವಾಗ ಬೇಕಾಗಿದ್ದ ಮೇಣವೇ ಈಗ ಬಣ್ಣಕ್ಕೆ ಅಡ್ಡಿ. ನೂಲಿನ ತೂಕದ ಶೇ. 2ರಿಂದ 4ರಷ್ಟು ವಾಷಿಂಗ್ ಸೋಡಾ, ತುಸು ಸಾಬೂನು ಹಾಕಿದ ನೀರಿನಲ್ಲಿ ಲಡಿಯನ್ನು ಒಂದೆರಡು ಗಂಟೆ ಕುದಿಸಬೇಕು. ಬೆಳ್ಳಗಿನ ನೂಲಿನಿಂದ ಚಹಾದ ಬಣ್ಣದ ನೀರು ಇಳಿಯುವುದನ್ನು ಕಂಡವರಿಗೆ ಅದರಲ್ಲಿ ಎಷ್ಟು ಜಿಡ್ಡಿತ್ತು ಎಂದು ಗೊತ್ತಾಗುತ್ತದೆ. ಒಣ ಲಡಿಯನ್ನು ನೀರಿನ ಮೇಲೆ ಬಿಟ್ಟಾಗ ಕೂಡಲೇ ಮುಳುಗಿದರೆ ಕುದಿತ ಸಾಕಾಗಿದೆ. ಬಣ್ಣದ ಕೆಲಸಕ್ಕೆ ಬಳಸಿದ ಪಾತ್ರೆ, ಸೌಟು ಮತ್ತೆ ಅಡುಗೆಮನೆಗೆ ಹೋಗಕೂಡದು.

ಬಣ್ಣದ ವಿಷಯದಲ್ಲಿ ಉಣ್ಣೆ ಬೇರೆ, ಹತ್ತಿ ಬೇರೆ. ಉಣ್ಣೆ, ರೇಷ್ಮೆ ಪ್ರೋಟೀನಿನಿಂದಾದವು. ಬಣ್ಣ ನಿಲ್ಲಿಸುವ ಪಟಿಕವನ್ನೂ ಬಣ್ಣವನ್ನೂ ನೇರವಾಗಿ ಹಿಡಿದುಕೊಳ್ಳುತ್ತವೆ. ಉಣ್ಣೆಗೆ ಅದರ ತೂಕದ ಶೇ. 10ರಷ್ಟು ಪಟಿಕ ಹಾಕಿ, ಕುದಿಯಲು ಬಿಡದೆ ಒಂದು ಗಂಟೆ ಬಿಸಿಯಲ್ಲಿಟ್ಟರೆ ಸಾಕು. ಬಿಸಿಯಿಂದ ತಣ್ಣೀರಿಗೆ ತಟ್ಟನೆ ಹಾಕಿ ಉಜ್ಜಿದರೆ ಮಾತ್ರ ಅದು ಮುದ್ದೆಗಟ್ಟುತ್ತದೆ. ಕರ್ನಾಟಕದ ಕೈನೂಲಿನ ಉಣ್ಣೆಯೆಂದರೆ ದಖ್ಖನಿ ಕುರಿಯದ್ದು. ಚಳ್ಳಕೆರೆ ಮೊದಲಾದ ಕಡೆ ಕುರುಬ ಸಮುದಾಯದವರು ಅದನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ಕಂಬಳಿ ನೇಯುವ ಪರಂಪರೆ ದೊಡ್ಡದು. ಆ ಉಣ್ಣೆ ಹೆಚ್ಚಾಗಿ ಹುಟ್ಟಾ ಕಪ್ಪು, ಬಣ್ಣದ ಹಂಗಿಲ್ಲ. ಒರಟಾದ್ದರಿಂದ ಮೈಗೆ ತಾಗುವ ಹೆಣಿಗೆಗೆ ಹೊಂದದು, ಆದರೆ ಚೀಲಕ್ಕೆ, ಕೂರುವ ಚಾಪೆಗೆ ಅದರಷ್ಟು ಬಾಳಿಕೆಯ ನೂಲು ಅಪರೂಪ. ಮಗುವಿನ ಕುಲಾವಿಗೆ ಹತ್ತಿಯೇ ಸರಿ.

ಹತ್ತಿ ಸೆಲ್ಯುಲೋಸ್. ಪಟಿಕ ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ನಡುವೆ ಒಗರೊಂದು ಬೇಕು. ಆ ಒಗರನ್ನು ಕೊಡುವುದು ಅಳಲೆಕಾಯಿ. 50 ಗ್ರಾಂ ನೂಲಿಗೆ 10 ಗ್ರಾಂ ಅಳಲೆಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಸೋಸಿ, ಲಡಿಯನ್ನು ರಾತ್ರಿಯಿಡೀ ನೆನೆಸಿ ಹಿಂಡಿ ಒಣಗಿಸಿದರೆ ತಿಳಿ ಹಳದಿ ಕಂದು ಛಾಯೆ ಬರುತ್ತದೆ. ಆಮೇಲೆ ಏಳೆಂಟು ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಮತ್ತೊಂದು ರಾತ್ರಿ. ಪಟಿಕದ ನೀರಿಗೆ ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ನೊರೆ ಬಂದು ಹುಳಿ ತಗ್ಗುತ್ತದೆ, ನೂಲಿಗೆ ಕ್ಷೇಮ. ಕೆಲಸ ಮಾಡುವ ಹೊತ್ತು ಅರ್ಧ ಗಂಟೆಯಷ್ಟೇ. ಉಳಿದದ್ದೆಲ್ಲ ಕಾಯುವ ಹೊತ್ತು. ನೌಕರಿಗೆ ಹೋಗುವವರ ಮನೆಯಲ್ಲೂ ಬಣ್ಣದ ಕೆಲಸ ನಡೆಯುವುದು ಇದೇ ಕಾರಣಕ್ಕೆ.

ಮಲೆನಾಡಿನವರಿಗೆ ಒಗರೂ ಬಣ್ಣವೂ ಒಂದರಲ್ಲೇ ಸಿಗುತ್ತವೆ: ಅಡಿಕೆ ಚೊಗರಿನಲ್ಲಿ. ಹಸಿ ಅಡಿಕೆ ಸುಲಿದು ಬೇಯಿಸಿದ ನೀರು ಬೇಯಿಸಿದಷ್ಟೂ ಮಂದವಾಗಿ ಕಡುಗೆಂಪಾಗುತ್ತದೆ. ಅಡಿಕೆಗೆ ಮೆರುಗು ಕೊಡಲು ಬಳಸುವ ಈ ಚೊಗರು ಬಟ್ಟೆಯ ಮೇಲೆ ಬಿದ್ದರೆ ಹೋಗುವುದಿಲ್ಲ ಎಂಬುದನ್ನು ಅಡಿಕೆ ಸುಲಿಯುವ ಪ್ರತಿ ಮನೆಯೂ ಬಲ್ಲದು. ಆ ಹೋಗದ ಕಲೆಯೇ ಬಣ್ಣಗಾರರಿಗೆ ವರ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಹುಟ್ಟಿದ 'ಚರಕ' ಮಹಿಳಾ ಸಹಕಾರಿ ಸಂಘ, ಚೊಗರಿನಂಥ ಸಸ್ಯಮೂಲ ಬಣ್ಣಗಳನ್ನೇ ನೆಚ್ಚಿ ಕೈಮಗ್ಗದ ಉದ್ಯಮ ಕಟ್ಟಿದ್ದು ಈ ಕಸುಬಿನ ದೊಡ್ಡ ಅಧ್ಯಾಯ. ಮನೆಯಲ್ಲಿ ಮಾಡುವವರು ಚೊಗರನ್ನು ನೀರಿಗೆ ಬೆರೆಸಿ ಲಡಿಯನ್ನು ಒಂದು ಗಂಟೆ ಬಿಸಿಯಲ್ಲಿಟ್ಟು ಅಲ್ಲೇ ಆರಲು ಬಿಟ್ಟರೆ ಇಟ್ಟಿಗೆಯ ಕಂದು ಬರುತ್ತದೆ. ಸುಣ್ಣದ ತಿಳಿಯಲ್ಲಿ ಒಮ್ಮೆ ಅದ್ದಿದರೆ ಕೆಂಪು ಏರುತ್ತದೆ. ಕವಳ ಹಾಕಿದ ಬಾಯಿ ಕೆಂಪಾಗುವುದರ ಹಿಂದೆಯೂ ಸುಣ್ಣವೇ ಇದೆ. ಕಬ್ಬಿಣದ ನೀರು ತಾಗಿದರೆ ಬೂದು, ಇನ್ನೂ ಅದ್ದಿದರೆ ಕಪ್ಪಿನ ಕಡೆ. ಕಬ್ಬಿಣದ ನೀರನ್ನು ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಸೇರಿಸಿ ಎರಡು ಮೂರು ವಾರ ಹುಳಿಯಲು ಬಿಟ್ಟು ತಯಾರಿಸುತ್ತಾರೆ. ಅಳಲೆ ಹಾಕಿದ ನೂಲು ಇದರಲ್ಲಿ ಕಣ್ಣೆದುರೇ ಕಪ್ಪಾಗುತ್ತದೆ. ಆದರೆ ಕಬ್ಬಿಣ ಹೆಚ್ಚಾದರೆ ವರ್ಷಗಳು ಕಳೆದಂತೆ ನೂಲು ಪುಡಿಪುಡಿಯಾಗುತ್ತದೆ, ಮಿತಿ ಮೀರಬಾರದು.

ಕೆಂಪಿಗೆ ಮಂಜಿಷ್ಠದ ಬೇರಿದೆ. ನೂಲಿನ ಅರ್ಧದಷ್ಟಾದರೂ ತೂಕದ ಪುಡಿ ಬೇಕು, ಬಿಸಿ 70 ಡಿಗ್ರಿ ದಾಟಬಾರದು. ಕುದಿಸಿದರೆ ಕೆಂಪು ಹೋಗಿ ಕಂದು ಉಳಿಯುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರನ್ನು ಬೈಯುವವರೇ ಎಲ್ಲ. ಬೇಳೆ ಬೇಯಿಸಲು ಬಾರದ ಆ ಗಡಸು ನೀರಿನ ಸುಣ್ಣದಂಶವೇ ಮಂಜಿಷ್ಠದ ಕೆಂಪನ್ನು ಎತ್ತಿ ಹಿಡಿಯುತ್ತದೆ. ಮಳೆನೀರಿನಲ್ಲಿ ಬಣ್ಣ ಹಾಕುವವರು ಸೀಮೆಸುಣ್ಣದ ಬಿಳಿಪುಡಿ ಚಿಟಿಕೆ ಬೆರೆಸಬೇಕಾಗುತ್ತದೆ.

ಹಳದಿ ಸುಲಭವೆಂದು ಕಂಡರೂ ಮೋಸ ಹೆಚ್ಚಿರುವುದು ಅಲ್ಲೇ. ಅರಿಶಿನ ಹತ್ತಿಗೆ ಯಾವ ಸಹಾಯವೂ ಇಲ್ಲದೆ ಹತ್ತುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಹಾರುತ್ತದೆ. ಸಾಬೂನು ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದು ಈ ಗುಣದಿಂದಲೇ ಸಾಧ್ಯ. ಬೀಟ್‌ರೂಟು, ದಾಸವಾಳ ಅರಿಶಿನಕ್ಕಿಂತಲೂ ದುರ್ಬಲ, ನೂಲಿಗೆ ಅವನ್ನು ಹಾಕುವುದು ದುಡಿಮೆ ಹಾಳುಮಾಡಿಕೊಂಡಂತೆ. ದಾಳಿಂಬೆ ಸಿಪ್ಪೆ, ಚೆಂಡುಹೂವು ಹಳದಿಗೆ ಹೆಚ್ಚು ನಂಬಿಗಸ್ತ. ದಸರೆ, ದೀಪಾವಳಿ ಮುಗಿದ ಮೇಲೆ ಬಾಗಿಲಿನಿಂದ ಇಳಿಸುವ ಚೆಂಡುಹೂವಿನ ತೋರಣವನ್ನು ಒಣಗಿಸಿಟ್ಟರೆ ವರ್ಷದ ಹಳದಿ ಅದರಲ್ಲೇ ಆಗುತ್ತದೆ. ಯಾವ ಬಣ್ಣವನ್ನೇ ಆಗಲಿ ಇಡೀ ಲಡಿಗೆ ಹಾಕುವ ಮೊದಲು ಗೇಣುದ್ದ ನೂಲಿಗೆ ಹಾಕಿ, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ವಾರ ಇಡಬೇಕು. ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ವ್ಯತ್ಯಾಸ ಕಂಡರೆ ಆ ಬಣ್ಣ ನಿಲ್ಲುವುದಿಲ್ಲ.

ನೀಲಿಯದ್ದು ಬೇರೆಯೇ ಲೋಕ. ಅದಕ್ಕೆ ಅಳಲೆಯೂ ಬೇಡ, ಪಟಿಕವೂ ಬೇಡ. ನೀಲಿ ಗಿಡದ ಎಲೆಯಿಂದ ತೆಗೆದ ಬಿಲ್ಲೆ ನೀರಿನಲ್ಲಿ ಕರಗುವುದೇ ಇಲ್ಲ, ಕರಗದ್ದು ನೂಲಿನೊಳಗೆ ಹೋಗುವುದಿಲ್ಲ. ಸುಣ್ಣದ ಕ್ಷಾರದಲ್ಲಿ, ಗಾಳಿಯ ಆಮ್ಲಜನಕ ಸುಳಿಯದಂತೆ ಅದನ್ನು ಬೇರೊಂದು ರೂಪಕ್ಕೆ ತಿರುಗಿಸಿದರೆ ಕರಗುತ್ತದೆ. ದಕ್ಷಿಣ ಭಾರತದ ಬಣ್ಣಗಾರರು ಇದಕ್ಕೆ ತಗಚೆ ಬೀಜ ಬೇಯಿಸಿದ ನೀರು, ಸುಣ್ಣ ಸೇರಿಸಿ ಮಡಕೆಯಲ್ಲಿ ದಿನಗಟ್ಟಲೆ ಹುಳಿಯಿಸುತ್ತಿದ್ದರು. ಈಗ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಣ್ಣಿನ ಸಕ್ಕರೆಯ ಕ್ರಮ: ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಫ್ರಕ್ಟೋಸ್. ಐದು ಲೀಟರ್ ಬಿಸಿನೀರಿಗೆ 20, 40, 60 ಗ್ರಾಂ ಲೆಕ್ಕ. ಕಳಿತ ಬಾಳೆಹಣ್ಣು ಬೇಯಿಸಿದ ನೀರಿನಿಂದಲೂ ಆಗುತ್ತದೆ, ಬೆಲ್ಲ ನಿಧಾನ. ಸುಣ್ಣ ಕೈ ಸುಡುವುದರಿಂದ ಕೈಗವಸು ಬೇಕೇ ಬೇಕು.

ಹದ ಬಂದ ಹಂಡೆಯ ಮೇಲೆ ತಾಮ್ರದ ಬಣ್ಣದ ಪೊರೆ ಕಟ್ಟುತ್ತದೆ, ನಡುವೆ ನೀಲಿ ನೊರೆ ಹೂವಿನಂತೆ ನಿಲ್ಲುತ್ತದೆ, ಪೊರೆ ಸರಿಸಿದರೆ ಕೆಳಗಿನ ದ್ರವ ಹಳದಿ ಹಸಿರು. ನೆನೆದ ಲಡಿಯನ್ನು ಗುಳ್ಳೆ ಏಳದಂತೆ ಮೆಲ್ಲಗೆ ಇಳಿಸಿ, ಕೆಲವು ನಿಮಿಷ ಬಿಟ್ಟು, ಒಳಗೇ ಹಿಂಡಿ ಮೇಲೆತ್ತಬೇಕು. ಹೊರಬಂದಾಗ ಅದರ ಬಣ್ಣ ಎಳೆ ಬಾಳೆಲೆಯದ್ದು. ಗಾಳಿ ತಾಗಿದ ಕೂಡಲೇ ಅಂಚಿನಿಂದ ಹಸಿರು ಗಾಢವಾಗುತ್ತ, ನವಿಲಿನ ಛಾಯೆಗೆ ತಿರುಗಿ, ಹತ್ತು ನಿಮಿಷದೊಳಗೆ ಇಡೀ ಲಡಿ ನೀಲಿಯಾಗುತ್ತದೆ. ಗಾಢ ಬೇಕೆಂದರೆ ಹೆಚ್ಚು ಹೊತ್ತು ಮುಳುಗಿಸಿ ಪ್ರಯೋಜನವಿಲ್ಲ. ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಬೇಕು. ಕೊನೆಗೆ ತುಸು ವಿನೆಗರ್ ಬೆರೆಸಿದ ನೀರಿನಲ್ಲಿ ಜಾಲಿಸಿದರೆ ಸುಣ್ಣ ಹೋಗುತ್ತದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ನೀಲಿ ಬೇಸಾಯ ಕುಸಿಯಿತು. ರಾಸಾಯನಿಕವಾಗಿ ಎರಡರ ಮುಖ್ಯ ಅಂಶ ಒಂದೇ ಆದ್ದರಿಂದ ಹಂಡೆಯ ವರ್ತನೆಯೂ ಒಂದೇ. ಬಿಳಿ ಬಟ್ಟೆ ಒಗೆಯುವಾಗ ಹಾಕುವ ಅಂಗಡಿಯ ನೀಲಿಗೂ ಇದಕ್ಕೂ ಸಂಬಂಧವಿಲ್ಲ.

ಹತ್ತಿ, ನೀಲಿ, ಹೆಣಿಗೆ ಮೂರೂ ಒಂದಾದದ್ದು ಬಹಳ ಹಿಂದೆ. ಈಗ ಉಳಿದಿರುವ ಅತಿ ಹಳೆಯ ಹೆಣಿಗೆಗಳಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಮಧ್ಯಯುಗದ ಕಾಲ್ಚೀಲಗಳು ಸೇರಿವೆ. ಬಿಳಿ ಮತ್ತು ನೀಲಿ ಹತ್ತಿ ನೂಲಿನಲ್ಲಿ ಹೆಣೆದಂಥವು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಹೆಣೆಯುವ ಯಂತ್ರ ರೂಪಿಸುವವರೆಗೆ ಹೆಣಿಗೆ ಪೂರ್ತಿ ಕೈಯ ಕೆಲಸವಾಗಿಯೇ ಇತ್ತು.

ಹತ್ತಿ ನೂಲಿಗೆ ಉಣ್ಣೆಯಂಥ ಹಿಗ್ಗು ಕುಗ್ಗು ಇಲ್ಲ. ಹಿಗ್ಗನ್ನು ಹೆಣಿಗೆಯೇ ಕೊಡಬೇಕು. ಲೋಹದ ಕಡ್ಡಿಯಲ್ಲಿ ಕುಣಿಕೆಗಳು ಜಾರುತ್ತವೆ, ಬಿದಿರಿನ ಕಡ್ಡಿ ಹಿಡಿದು ನಿಲ್ಲಿಸುತ್ತದೆ. 6ನೇ ನಂಬರಿನ ಮೂರೆಳೆ ನೂಲಿಗೆ ಮೂರು ಮಿಲಿಮೀಟರಿಗಿಂತ ತುಸು ದಪ್ಪದ ಕಡ್ಡಿ ಹೊಂದುತ್ತದೆ. ಮೊದಲು ಅಂಗೈಗಿಂತ ದೊಡ್ಡದೊಂದು ಚೌಕ ಹೆಣೆದು, ಒಗೆದು, ಒಣಗಿಸಿ, ಆಮೇಲೆ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಇವೆ ಎಂದು ಎಣಿಸಬೇಕು. ಒಗೆಯದೆ ಎಣಿಸಿದ ಲೆಕ್ಕ ಕೈಕೊಡುತ್ತದೆ, ಹತ್ತಿ ಮೊದಲ ಒಗೆತದಲ್ಲೇ ಕುಗ್ಗುವುದರಿಂದ. ಹತ್ತು ಸೆಂಟಿಮೀಟರಿಗೆ 24 ಕುಣಿಕೆ ಬಂದಿತೆನ್ನೋಣ. ಆರು ತಿಂಗಳ ಮಗುವಿನ ತಲೆಯ ಸುತ್ತಳತೆ 42 ಸೆಂಟಿಮೀಟರ್ ಆಸುಪಾಸು, ಕುಲಾವಿ ಅದಕ್ಕಿಂತ ಎರಡು ಕಡಿಮೆ ಇರಬೇಕು. 40 ಸೆಂಟಿಮೀಟರಿಗೆ 96 ಕುಣಿಕೆ.

ಅಂಚಿನ ನಾಲ್ಕು ಸೆಂಟಿಮೀಟರನ್ನು ಎರಡು ಸೀದಾ, ಎರಡು ಉಲ್ಟಾ ಕ್ರಮದಲ್ಲಿ ಹೆಣೆದರೆ ಪಟ್ಟಿ ಒಳಕ್ಕೆ ಸೇದಿಕೊಂಡು ಹಿಗ್ಗುವ ಗುಣ ಬರುತ್ತದೆ. 96 ನಾಲ್ಕರಿಂದ ಭಾಗವಾಗುವುದರಿಂದ ಸುತ್ತು ಕೂಡುವಲ್ಲಿ ವಿನ್ಯಾಸ ಮುರಿಯುವುದಿಲ್ಲ. ಅದರ ಮೇಲೆ ಆರು ಸೆಂಟಿಮೀಟರ್ ಬರೀ ಸೀದಾ. ಬಿಳಿ, ಚೊಗರು ಕಂದು, ನೀಲಿ ಪಟ್ಟಿಗಳನ್ನು ಹಾಕಬೇಕಾದದ್ದು ಇಲ್ಲಿ. ನೀಲಿ ನೂಲು ಬೆರಳಿಗೆ ಬಣ್ಣ ಮೆತ್ತಿದರೆ ಒಳಹೋಗದೆ ಮೇಲೆ ಕೂತ ನೀಲಿ ಇನ್ನೂ ಇದೆ ಎಂದು ತಿಳಿದು, ಲಡಿಯನ್ನು ಮತ್ತೆ ಸಾಬೂನು ನೀರಿನಲ್ಲಿ ಚೆನ್ನಾಗಿ ಒಗೆಯಬೇಕು. ಮಗುವಿನ ಹಣೆಗೆ ತಾಗುವ ನೂಲಿನಲ್ಲಿ ಈ ಎಚ್ಚರ ತಪ್ಪಿಸುವಂತಿಲ್ಲ. ನೆತ್ತಿಗೆ ಬಂದಾಗ 96ನ್ನು ಹನ್ನೆರಡರಂತೆ ಎಂಟು ಪಾಲು ಮಾಡಿ, ಸುತ್ತು ಬಿಟ್ಟು ಸುತ್ತಿಗೆ ಪ್ರತಿ ಪಾಲಿನ ಕೊನೆಯಲ್ಲಿ ಎರಡು ಕುಣಿಕೆಗಳನ್ನು ಒಂದು ಮಾಡುತ್ತ ಹೋಗಬೇಕು. ಹನ್ನೊಂದು ಸಲ ಇಳಿಸಿದಾಗ ಎಂಟು ಕುಣಿಕೆ ಉಳಿಯುತ್ತವೆ. ನೂಲು ಕತ್ತರಿಸಿ, ಸೂಜಿಯಿಂದ ಆ ಎಂಟರಲ್ಲೂ ಪೋಣಿಸಿ ಬಿಗಿದು ಒಳಗೆ ಗಂಟು ಹಾಕಿದರೆ ನೆತ್ತಿ ಮುಚ್ಚುತ್ತದೆ. ನೂರು ಮೀಟರಿನ ಸ್ವಲ್ಪ ಆಚೀಚೆ ಮೂರೆಳೆ ನೂಲು ಇದಕ್ಕೆ ಹಿಡಿಯುತ್ತದೆ.

ಗಂಟೆಗಳ ಲೆಕ್ಕ ಹಾಕಿದರೆ ಅಂಗಡಿಯ ಕುಲಾವಿಯೇ ಅಗ್ಗ. ಹಣ ಉಳಿಸಲೆಂದು ಯಾರೂ ಈ ಕೆಲಸಕ್ಕೆ ಇಳಿಯಬೇಕಾಗಿಲ್ಲ. ಮನೆಯ ಕೆಲಸದಿಂದ ದೊರೆಯುವುದು ವಸ್ತುವಿನ ಪೂರ್ತಿ ತಿಳಿವಳಿಕೆ, ಅದರ ಜೊತೆಗೆ ಅದನ್ನು ರಿಪೇರಿ ಮಾಡುವ ಶಕ್ತಿ. ಸಸ್ಯಬಣ್ಣದ ಹೆಣಿಗೆಯನ್ನು ಅಂಟುವಾಳದ ನೀರಿನಲ್ಲೋ ಸೌಮ್ಯ ಸಾಬೂನಿನಲ್ಲೋ ಒಗೆಯಬೇಕು. ತೀಕ್ಷ್ಣ ಡಿಟರ್ಜೆಂಟಿನ ಕ್ಷಾರ ಮಂಜಿಷ್ಠ, ಚೊಗರುಗಳ ಛಾಯೆಯನ್ನೇ ಬದಲಿಸುತ್ತದೆ. ಹಿಂಡಿ ನೇತುಹಾಕಿದರೆ ಹತ್ತಿ ತನ್ನ ಭಾರಕ್ಕೇ ಉದ್ದವಾಗುವುದರಿಂದ ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ಮಿಕ್ಕ ನೂಲನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡಿ ತೆಗೆದಿಟ್ಟರೆ ಕುಣಿಕೆ ಹರಿದಾಗ ಅದೇ ನೂಲಿನಿಂದ ತೇಪೆ ಹೆಣೆಯಬಹುದು. ಪೂರಾ ನೀಲಿಯ ಕುಲಾವಿ ಮಂಕಾದರೆ ಹಂಡೆಯಲ್ಲಿ ಮತ್ತೊಮ್ಮೆ ಅದ್ದಿ ತೆಗೆಯಬಹುದು. ಪಟ್ಟಿಯದ್ದಕ್ಕೆ ಆ ಉಪಾಯ ನಡೆಯದು. ಬಿಳಿಯೂ ಕಂದೂ ನೀಲಿಗೆ ತಿರುಗಿಬಿಡುತ್ತವೆ. ಹಾಗಾಗಿ ಪಟ್ಟಿಗೆಂದು ನೀಲಿ ಹಾಕುವಾಗಲೇ ಲಡಿಯನ್ನು ಬೇಕಾದ ಛಾಯೆಗಿಂತ ಒಂದೆರಡು ಸಲ ಹೆಚ್ಚು ಅದ್ದಿಡುವುದು ಒಳ್ಳೆಯದು.